ಸಹಿಯ ಟೋಕನ್ ಯಾರ ಕೈಯಲ್ಲಿದೆ?

ಬೇಗಂ ಬಜಾರ್‌ನಲ್ಲಿ ಮನೆತನದ ಸಗಟು ಅಂಗಡಿ ಪ್ರೈವೇಟ್ ಲಿಮಿಟೆಡ್ ಆದರೆ ಸಾಮಾನ್ಯವಾಗಿ ಮನೆಯವರೇ ಡೈರೆಕ್ಟರುಗಳು. 2006ರಲ್ಲಿ ಎಂಸಿಎ-21 ಬಂದ ಮೇಲೆ ರಿಜಿಸ್ಟ್ರಾರರಿಗೆ ವಾರ್ಷಿಕ ಲೆಕ್ಕಪತ್ರ ಹೋಗುವುದು ಕಂಪ್ಯೂಟರಿನಲ್ಲೇ. ಶಾಯಿಯ ಸಹಿಯ ಜಾಗದಲ್ಲಿ ಪೆನ್‌ಡ್ರೈವ್‌ನಂತಹ ಡಿಜಿಟಲ್ ಟೋಕನ್ ಬಂದಿದೆ. ಅದನ್ನು ಪಿನ್ ಸಮೇತ ಆಡಿಟರ್ ಕಚೇರಿಯಲ್ಲಿ ಬಿಡುವುದೆಂದರೆ ಸಹಿ ಹಾಕಿದ ಖಾಲಿ ಚೆಕ್ ಕೊಟ್ಟಂತೆ. 2000ದ ಐಟಿ ಕಾಯ್ದೆಯ 42ನೇ ಕಲಮಿನಂತೆ ಅದನ್ನು ಜೋಪಾನ ಮಾಡುವ ಹೊಣೆ ಸಹಿದಾರರದೇ.

2018ರ ಜುಲೈಯಿಂದ ವಾರ್ಷಿಕ ಫಾರಂ ತಡವಾದರೆ ದಿನಕ್ಕೆ 100 ರೂ. ತೆರಬೇಕು. ಸತತ 3 ವರ್ಷ ಸಲ್ಲಿಸದಿದ್ದರೆ ಡೈರೆಕ್ಟರುಗಳು 5 ವರ್ಷ ಅನರ್ಹರು. 2017ರಲ್ಲಿ ದೇಶದಾದ್ಯಂತ 3 ಲಕ್ಷಕ್ಕೂ ಹೆಚ್ಚು ಮಂದಿ ಹೀಗೆ ಅನರ್ಹರಾದರು. ಹೆಸರಿಗಷ್ಟೇ ಡೈರೆಕ್ಟರಾದ ಗೃಹಿಣಿಯರಿಗೂ ವಿನಾಯಿತಿ ಇಲ್ಲ.

ಸಂಘದ ವ್ಯಾಪಾರಿ ಬಂಧುಗಳೇ, ಟೋಕನ್ ಮನೆಯ ಬೀರುವಿನಲ್ಲಿರಲಿ. ಪ್ರತಿ ಸಲ್ಲಿಕೆಯ ಚಲನ್ ತಪ್ಪದೆ ಕೇಳಿ ಪಡೆಯಿರಿ.