ನಾಲ್ಕೂ ಚಕ್ರದ ಬಲ ಹತ್ತುವುದಕ್ಕೆ, ನಿಲ್ಲುವುದಕ್ಕಲ್ಲ

ಕೊಲ್ಲೂರಿಗೆ ಬಂದ ಯಾತ್ರಿಕರು ಹಾಗೆಯೇ ಕೊಡಚಾದ್ರಿಗೂ ಹೋಗಿ ಬರೋಣವೆಂದು ಹೊರಟರೆ, ತಮ್ಮ ನುಣುಪಾದ ಕಾರನ್ನು ಕೆಳಗೇ ಬಿಟ್ಟು ಜೀಪು ಹತ್ತುವುದು ವಾಡಿಕೆ. ಮುಂದಿನ ದಾರಿ ದಾರಿಯೇ ಅಲ್ಲ. ಮಳೆ ಕೊರೆದ ಕೊರಕಲು, ಎದ್ದು ನಿಂತ ಕಲ್ಲು, ಕೆಂಪು ಕೆಸರು. 1343 ಮೀಟರ್ ಎತ್ತರದ ಆ ಬೆಟ್ಟವನ್ನು ಜೀಪು ಅತ್ತಿತ್ತ ವಾಲುತ್ತ, ಗುರುಗುಟ್ಟುತ್ತ ಏರುತ್ತದೆ. ಮೇಲೆ ಇಳಿದವರು ಸೊಂಟ ಹಿಡಿದುಕೊಂಡೇ ಹೇಳುವ ಮಾತು ಒಂದೇ: ‘ಇದು ಫೋರ್ ವೀಲ್ ಡ್ರೈವ್, ಎಲ್ಲಿ ಬೇಕಾದರೂ ಹೋಗುತ್ತೆ.’

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ತಿಳಿಯದಿದ್ದರೆ ಅಪಾಯವೂ ಇದೆ.

ಮಲೆನಾಡು, ಕೊಡಗಿನ ಕಾಫಿ ಬೆಳೆಗಾರರ ನಡುವೆ ಜೀಪು ಮೇಲೋ ಜಿಪ್ಸಿ ಮೇಲೋ ಎಂಬ ವಾದ ಹಳೆಯದು. ಜೀಪಿನವರು ಡೀಸೆಲ್ ಎಂಜಿನ್ನಿನ ತಾಕತ್ತನ್ನೂ, ಯಾವ ಊರಿನ ಮೆಕ್ಯಾನಿಕ್ ಆದರೂ ಬಿಚ್ಚಿ ಜೋಡಿಸಬಲ್ಲ ಸರಳತೆಯನ್ನೂ ಹೊಗಳುತ್ತಾರೆ. ಜಿಪ್ಸಿಯವರು ‘ನಮ್ಮದು ಹಗುರ, ನಿಮ್ಮದು ಹೂತುಹೋಗುವ ಕಡೆ ನಮ್ಮದು ದಾಟುತ್ತದೆ’ ಎನ್ನುತ್ತಾರೆ. ಹಿಮ ಬೀಳುವ ದೇಶದಲ್ಲಿ ನೆಲೆಸಿದ ನೆಂಟರು ರಜೆಗೆ ಬಂದರೆ ಸುಬಾರು ಕಾರಿನ ಗುಣಗಾನ ಸೇರುತ್ತದೆ. ಪೇಟೆಯ ಸಿರಿವಂತರು ಆಡಿಯ ಹೆಸರು ತೆಗೆಯುತ್ತಾರೆ. ಎಲ್ಲರ ಮಾತೂ ನಿಜವೇ. ಏಕೆಂದರೆ ಈ ಒಂದೊಂದು ವಾಹನವೂ ಹುಟ್ಟಿದ್ದು ಒಂದೊಂದು ಬಗೆಯ ದಾರಿಗಾಗಿ.

ಎತ್ತಿನ ಗಾಡಿಯ ಪಾಠ

ಇಷ್ಟಕ್ಕೂ ನಾಲ್ಕೂ ಚಕ್ರಕ್ಕೆ ಬಲ ಎಂದರೇನು? ಸಾಮಾನ್ಯ ಕಾರಿನಲ್ಲಿ ಎಂಜಿನ್ನಿನ ಶಕ್ತಿ ಎರಡು ಚಕ್ರಗಳಿಗೆ ಮಾತ್ರ ಹೋಗುತ್ತದೆ. ಉಳಿದೆರಡು ಸುಮ್ಮನೆ ಉರುಳುತ್ತವೆ. ಟೈರು ನೆಲವನ್ನು ಹಿಡಿಯುವ ಶಕ್ತಿಗೆ ಒಂದು ಮಿತಿಯುಂಟು. ಕೆಸರಿನಲ್ಲಿ ಆ ಮಿತಿ ಬಹಳ ಕಡಿಮೆ. ಅದನ್ನು ಮೀರಿದೊಡನೆ ಚಕ್ರ ನಿಂತಲ್ಲೇ ಗಿರಗಿರ ಸುತ್ತುತ್ತದೆ, ಗಾಡಿ ಹೂತುಕೊಳ್ಳುತ್ತದೆ. ಅದೇ ಶಕ್ತಿಯನ್ನು ನಾಲ್ಕೂ ಚಕ್ರಗಳಿಗೆ ಹಂಚಿದರೆ ಒಂದೊಂದರ ಮೇಲಿನ ಹೊರೆ ಇಳಿಯುತ್ತದೆ. ಜಾರುವ ನೆಲದಲ್ಲೂ ಗಾಡಿ ಮುಂದಕ್ಕೆ ಹೋಗುತ್ತದೆ.

ಹಾಗಾದರೆ ಎಲ್ಲ ಕಾರುಗಳಿಗೂ ಹೀಗೆ ಏಕೆ ಮಾಡಲಿಲ್ಲ? ಉತ್ತರ ಎತ್ತಿನ ಗಾಡಿಯಲ್ಲಿದೆ. ಗಾಡಿ ತಿರುಗುವಾಗ ಒಳಮಗ್ಗುಲಿನ ಚಕ್ರ ನಿಧಾನವಾಗಿ, ಹೊರಮಗ್ಗುಲಿನದು ಬೇಗ ಉರುಳುತ್ತದೆ. ಎರಡೂ ಅಚ್ಚಿನ ಮೇಲೆ ಬಿಡಿಬಿಡಿಯಾಗಿ ತಿರುಗುವುದರಿಂದ ತೊಂದರೆಯಿಲ್ಲ. ಎಂಜಿನ್ನಿಗೆ ಕಟ್ಟಿದ ಚಕ್ರಗಳಿಗೆ ಈ ಸ್ವಾತಂತ್ರ್ಯ ಕೊಡಲು ‘ಡಿಫರೆನ್ಷಿಯಲ್’ ಎಂಬ ಹಲ್ಲುಚಕ್ರಗಳ ಜೋಡಣೆ ಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗುತ್ತವೆ. ಆದ್ದರಿಂದ ನಾಲ್ಕಕ್ಕೂ ಸದಾ ಬಲ ಕೊಡಬೇಕಾದರೆ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆಯೂ ಅಂಥದೇ ಒಂದು ಏರ್ಪಾಡು ಬೇಕಾಗುತ್ತದೆ. ಇದರಿಂದ ತೂಕ, ಬೆಲೆ, ಇಂಧನದ ಖರ್ಚು ಎಲ್ಲವೂ ಏರುತ್ತವೆ.

ಹಳೆಯ ಜೀಪು, ಜಿಪ್ಸಿಗಳಲ್ಲಿ ನಡುವಿನ ಈ ಏರ್ಪಾಡು ಇರಲಿಲ್ಲ. ಬೇಕೆಂದಾಗ ಮಾತ್ರ ಸಣ್ಣ ಗೇರುಕೋಲನ್ನು ಎಳೆದು ಮುಂದಿನ ಚಕ್ರಗಳನ್ನು ಜೋಡಿಸಿಕೊಳ್ಳಬೇಕು. ಕೆಸರಿನಲ್ಲಿ ಟೈರು ಒಂದಿಷ್ಟು ಜಾರಿ ಹೊಂದಿಕೊಳ್ಳುತ್ತದೆ. ಒಣಗಿದ ಟಾರು ರಸ್ತೆಯಲ್ಲಿ ಹಾಗೆಯೇ ಓಡಿಸಿದರೆ ಸ್ಟೇರಿಂಗ್ ಬಿಗಿಯುತ್ತದೆ, ಟೈರು ಸವೆಯುತ್ತದೆ, ಹಲ್ಲುಚಕ್ರಗಳ ಮೇಲೆ ಒತ್ತಡ ಬೀಳುತ್ತದೆ. ಅನುಭವಿ ಚಾಲಕರು ಟಾರು ಸಿಕ್ಕೊಡನೆ ಅದನ್ನು ಬಿಡಿಸುವುದು ಇದಕ್ಕಾಗಿಯೇ. ಇನ್ನೊಂದು ಮಾತು: ಭಾರತದಲ್ಲಿ ಎರಡೇ ಚಕ್ರಕ್ಕೆ ಬಲವಿದ್ದ ಜೀಪುಗಳೂ ಬೇಕಾದಷ್ಟು ಓಡಾಡಿವೆ. ರೂಪ ನೋಡಿ ಗುಣ ಹೇಳಲಾಗದು.

ಯುದ್ಧದ ಕೂಸು

ಕಲ್ಪನೆ ಹಳೆಯದು. ಹಾಲೆಂಡಿನ ಸ್ಪೈಕರ್ ಕಂಪನಿ 1903ರಲ್ಲೇ ನಾಲ್ಕೂ ಚಕ್ರಕ್ಕೆ ಬಲವಿದ್ದ ಕಾರು ಮಾಡಿತ್ತು. ಆದರೆ ಅದು ಜನರ ನಡುವೆ ಬಂದದ್ದು ಎರಡನೆಯ ಮಹಾಯುದ್ಧದಿಂದ. 1940ರಲ್ಲಿ ಅಮೆರಿಕದ ಸೇನೆ ಹಗುರವಾದ, ಎಲ್ಲಿಗಾದರೂ ನುಗ್ಗುವ ವಾಹನಕ್ಕಾಗಿ 135 ಕಂಪನಿಗಳನ್ನು ಕೇಳಿತು. ಬ್ಯಾಂಟಮ್ ಎಂಬ ಸಣ್ಣ ಕಂಪನಿ 49 ದಿನಗಳಲ್ಲಿ ಮಾದರಿಯನ್ನು ತಯಾರಿಸಿ ಕೊಟ್ಟಿತು. ಆದರೆ ದೊಡ್ಡ ಆರ್ಡರುಗಳು ಹೋದದ್ದು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಯುದ್ಧ ಮುಗಿಯುವಷ್ಟರಲ್ಲಿ ಅವೆರಡೂ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ಕಟ್ಟಿದ್ದವು.

ಯುದ್ಧ ಮುಗಿದ ಮೇಲೆ ಜೀಪು ಹೊಲಕ್ಕಿಳಿಯಿತು. ಬ್ರಿಟನ್ನಿನ ರೋವರ್ ಕಂಪನಿಯ ಮಾರಿಸ್ ವಿಲ್ಕ್ಸ್ ತನ್ನ ಜಮೀನಿನಲ್ಲಿ ಸೇನೆಯ ಹಳೆಯ ಜೀಪೊಂದನ್ನು ಬಳಸುತ್ತಿದ್ದ. ಅದರ ಉಪಯೋಗ ಕಂಡು ತಾವೇ ಏಕೆ ಇಂಥದೊಂದನ್ನು ಮಾಡಬಾರದೆಂದು ಹೊರಟ. 1948ರಲ್ಲಿ ಲ್ಯಾಂಡ್ ರೋವರ್ ಬಂತು. ಆಗ ಉಕ್ಕಿಗೆ ಬರವಿದ್ದುದರಿಂದ ಅದರ ಮೈಗೆ ಅಲ್ಯೂಮಿನಿಯಂ ಮಿಶ್ರಲೋಹ ಹೊದಿಸಲಾಯಿತು. ಭಾರತದಲ್ಲಿ 1947ರಲ್ಲಿ ಮಹೀಂದ್ರ ಕಂಪನಿ ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸಲು ಶುರುಮಾಡಿತು. ಕಾಫಿ ತೋಟದ ರಸ್ತೆಗಳಲ್ಲಿ ಗೊಬ್ಬರ, ಆಳು, ಕಾಫಿ ಮೂಟೆ ಹೊತ್ತು ತಿರುಗಿದ ಜೀಪಿನ ವಂಶ ಇದು.

ಜಿಪ್ಸಿಯ ಮೂಲ ಜಪಾನು. ಸುಜುಕಿ ಕಂಪನಿ 1970ರಲ್ಲಿ ಹೊರತಂದ ಜಿಮ್ನಿಯ ಎಂಜಿನ್ 360 ಸಿಸಿಗಿಂತ ಚಿಕ್ಕದು. ದೊಡ್ಡ ಜೀಪು ಹಿಡಿಸದ ಕಿರುದಾರಿಗಳಿಗೆ ಅದು ಹೇಳಿ ಮಾಡಿಸಿದಂತಿತ್ತು. ಅದರ ಮುಂದಿನ ತಲೆಮಾರೇ 1985ರ ಕೊನೆಯಲ್ಲಿ ಮಾರುತಿ ಜಿಪ್ಸಿಯಾಗಿ ಭಾರತಕ್ಕೆ ಬಂತು. ಮೊದಲ ಜಿಪ್ಸಿಗೆ 970 ಸಿಸಿಯ ಪೆಟ್ರೋಲ್ ಎಂಜಿನ್. ಹಗುರ ಮೈ ಅದರ ಬಲ, ಪಟ್ಟಿ ಸ್ಪ್ರಿಂಗಿನ ಎತ್ತುಕುಲುಕು ಅದರ ಅಪಕೀರ್ತಿ. ಸೇನೆ, ಪೊಲೀಸು, ಅರಣ್ಯ ಇಲಾಖೆಗಳ ಮೆಚ್ಚಿನ ವಾಹನವಾಗಿದ್ದ ಅದರ ಮಾರಾಟ 2019ರ ಹೊತ್ತಿಗೆ ಸಾಮಾನ್ಯ ಗ್ರಾಹಕರಿಗೆ ನಿಂತಿತು. 2023ರಲ್ಲಿ ಜಿಮ್ನಿ ಎಂಬ ಹೆಸರಿನಲ್ಲೇ ಅದರ ವಾರಸುದಾರ ಇಲ್ಲಿಗೆ ಬಂದಾಗ ಹಳೆಯ ವಾದ ಮತ್ತೆ ಜೀವ ಪಡೆಯಿತು. ಈ ಸಲ ಎದುರಾಳಿ ಮಹೀಂದ್ರದ ಥಾರ್.

ಹಿಮದ ದಾರಿ, ಪಂದ್ಯದ ದಾರಿ

ಸುಬಾರುವಿನ ಕಥೆಯೇ ಬೇರೆ. ಜಪಾನಿನ ಉತ್ತರ ಭಾಗದ ತೊಹೊಕು ಪ್ರದೇಶದ ವಿದ್ಯುತ್ ಕಂಪನಿಗೆ ಒಂದು ತೊಡಕಿತ್ತು. ಚಳಿಗಾಲದಲ್ಲಿ ಹಿಮ ತುಂಬಿದ ಗುಡ್ಡಗಳಲ್ಲಿ ಲೈನು ನೋಡಿಕೊಳ್ಳುವ ಸಿಬ್ಬಂದಿಗೆ ಜೀಪು ಬಿಟ್ಟರೆ ಗತಿಯಿರಲಿಲ್ಲ. ಜೀಪಿನಲ್ಲೋ ಚಳಿ, ಕುಲುಕು. ಕಾರಿನಷ್ಟು ಹಿತವಾದ, ಜೀಪಿನಂತೆ ನುಗ್ಗುವ ವಾಹನ ಬೇಕೆಂದು ಅದು ಕೇಳಿತು. ಆ ಪ್ರಯತ್ನದ ಫಲವಾಗಿ 1972ರಲ್ಲಿ ಲಿಯೋನ್ ಎಂಬ ಸುಬಾರು ಕಾರು ನಾಲ್ಕೂ ಚಕ್ರದ ಬಲದೊಡನೆ ಮಾರುಕಟ್ಟೆಗೆ ಬಂತು. ಮುಂದೆ ಹಿಮದ ನಾಡಿನ ಸಂಸಾರಸ್ಥರ ಕಾರು ಎಂಬ ಹೆಸರು ಸುಬಾರುವಿಗೆ ಅಂಟಿಕೊಂಡಿತು.

ಆಡಿ ಹೊರಟಿದ್ದು ವೇಗದ ದಾರಿಗೆ. ಫಿನ್ಲೆಂಡಿನ ಹಿಮದಲ್ಲಿ ಪರೀಕ್ಷೆ ನಡೆಸುತ್ತಿದ್ದ ಎಂಜಿನಿಯರ್ ಯೋರ್ಗ್ ಬೆನ್ಸಿಂಗರ್, ಸೇನೆಗಾಗಿ ಮಾಡಿದ ಇಲ್ಟಿಸ್ ಎಂಬ ಸಾಧಾರಣ ಶಕ್ತಿಯ ಜೀಪು ತನಗಿಂತ ಬಲಶಾಲಿಯಾದ ಕಾರುಗಳನ್ನು ಹಿಂದೆ ಹಾಕುವುದನ್ನು ಕಂಡರು. ಅದರ ಫಲ 1980ರ ಜಿನೀವಾ ಪ್ರದರ್ಶನದಲ್ಲಿ ಬಂದ ಆಡಿ ಕ್ವಾಟ್ರೊ. 1981ರಲ್ಲಿ ಇಟಲಿಯ ಸಾನ್ ರೆಮೊ ರ್‍ಯಾಲಿಯಲ್ಲಿ ಅದನ್ನು ಓಡಿಸಿ ಗೆದ್ದ ಫ್ರಾನ್ಸಿನ ಮಿಶೆಲ್ ಮೂತೋನ್, ವಿಶ್ವ ಚಾಂಪಿಯನ್‌ಷಿಪ್ ರ್‍ಯಾಲಿ ಗೆದ್ದ ಮೊದಲ ಮಹಿಳೆ. ಆದರೆ ಕ್ವಾಟ್ರೊಗೂ ಒಂದು ಕೊರತೆ ಇತ್ತು. ಭಾರವಾದ ಎಂಜಿನ್ ಮುಂದಿನ ಅಚ್ಚಿಗಿಂತ ಮುಂದಕ್ಕೆ ಚಾಚಿದ್ದರಿಂದ, ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದರೂ ಮೂತಿ ನೇರಕ್ಕೇ ಹೋಗಲು ನೋಡುತ್ತಿತ್ತು. ಅದನ್ನು ಪಳಗಿಸಲು ನುರಿತ ಕೈ ಬೇಕಿತ್ತು.

ಬ್ರೇಕಿನ ಮಾತು

ಇಲ್ಲಿಗೆ ಆ ಉಳಿದರ್ಧ ಸತ್ಯ ಬರುತ್ತದೆ. ನಾಲ್ಕೂ ಚಕ್ರಕ್ಕೆ ಬಲ ಇದ್ದರೆ ಗಾಡಿ ಹೊರಡುತ್ತದೆ, ಹತ್ತುತ್ತದೆ. ಆದರೆ ಬ್ರೇಕು? ಅದು ಇಂದಿನ ಎಲ್ಲ ಕಾರುಗಳಿಗೂ ನಾಲ್ಕೂ ಚಕ್ರಕ್ಕೇ ಇದೆ. ಒದ್ದೆ ರಸ್ತೆಯಲ್ಲಿ ಅಡ್ಡ ಬಂದ ದನವನ್ನು ಕಂಡು ಬ್ರೇಕು ಒತ್ತಿದಾಗ ಸಣ್ಣ ಕಾರಿಗೂ ದೊಡ್ಡ ಜೀಪಿಗೂ ಆಸರೆ ಒಂದೇ, ನಾಲ್ಕು ಟೈರು ನೆಲ ಹಿಡಿಯುವಷ್ಟು ಹಿಡಿತ. ತಿರುವಿನಲ್ಲಿ ಗಾಡಿಯನ್ನು ರಸ್ತೆಯ ಮೇಲೆ ಉಳಿಸುವುದೂ ಅದೇ. ಟೈರು ಸವೆದಿದ್ದರೆ ಯಾವ ಹೆಸರಾಂತ ಕಂಪನಿಯ ಯಂತ್ರವೂ ಕಾಯದು.

ಕಷ್ಟವೇನೆಂದರೆ ಈ ವಾಹನ ಚಾಲಕನಿಗೆ ಎಚ್ಚರಿಕೆ ಕೊಡುವುದಿಲ್ಲ. ಸಾಮಾನ್ಯ ಕಾರು ಜಾರುವ ರಸ್ತೆಯಲ್ಲಿ ಹೊರಡುವಾಗಲೇ ಚಕ್ರ ಸುತ್ತಿಸಿ ‘ನೆಲ ಜಾರುತ್ತಿದೆ, ಜೋಕೆ’ ಎನ್ನುತ್ತದೆ. ನಾಲ್ಕು ಚಕ್ರದ ಬಲವಿದ್ದದ್ದು ಸದ್ದಿಲ್ಲದೆ ವೇಗ ಹಿಡಿಯುತ್ತದೆ. ನೆಲ ಎಷ್ಟು ಜಾರುತ್ತಿದೆಯೆಂಬುದು ತಿಳಿಯುವುದು ಬ್ರೇಕು ಒತ್ತಿದ ಮೇಲೆಯೇ. ಮಳೆಗಾಲದ ಆಗುಂಬೆ, ಚಾರ್ಮಾಡಿ ಘಟ್ಟದಲ್ಲಿ ಇದು ಸಣ್ಣ ಮಾತಲ್ಲ. ಜೀಪಿನಂಥ ಎತ್ತರದ ವಾಹನ ಜೋರಾಗಿ ತಿರುಗಿದರೆ ಮಗುಚುವ ಭಯವೂ ಜೊತೆಗಿದೆ.

ಜೀಪೋ ಜಿಪ್ಸಿಯೋ ಎಂದು ವಾದಿಸುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ತಾವು ದಿನವೂ ಹೋಗುವ ದಾರಿ ಯಾವುದು ಎಂಬುದು. ವರ್ಷಕ್ಕೊಮ್ಮೆ ಬೆಟ್ಟ ಹತ್ತುವವರಿಗೆ ಬಾಡಿಗೆ ಜೀಪು ಸಾಕು. ದಿನವೂ ಘಟ್ಟ ಇಳಿಯುವವರಿಗೆ ಒಳ್ಳೆಯ ಟೈರು ಮುಖ್ಯ. ಕೊಡಚಾದ್ರಿಯಂಥ ದಾರಿ ಬಲ್ಲ ಚಾಲಕ ಹತ್ತುವಾಗ ಎಷ್ಟು ಧೈರ್ಯದಿಂದ ನುಗ್ಗಿದರೂ, ಇಳಿಯುವಾಗ ಕೆಳಗಿನ ಗೇರಿನಲ್ಲೇ ಗಾಡಿಯನ್ನು ಹಿಡಿದು, ಆಮೆಯಂತೆ ತರುತ್ತಾನೆ. ತನ್ನ ಜೀಪಿಗೆ ಏನು ಸಾಧ್ಯ, ಏನು ಸಾಧ್ಯವಿಲ್ಲ ಎರಡೂ ಅವನಿಗೆ ಗೊತ್ತು.