ಪೊಲೀಸರನ್ನು ಕಂಡು ಬೈಕ್ ತಿರುಗಿಸಿದ ಹುಡುಗ, ಉಮ್ಮನ ಕೈಗೆ ಬಂದ ನೋಟಿಸ್

ಅಸರ್ ಕಳೆದು ತೊಕ್ಕೊಟ್ಟು ಕಡೆಯಿಂದ ಬರುವಾಗ ನಾವೆಲ್ಲ ಒಮ್ಮೆಯಾದರೂ ಕಂಡಿರುವ ದೃಶ್ಯ. ಮುಂದೆ ಪೊಲೀಸರು ಬೈಕ್ ನಿಲ್ಲಿಸಿ ತಪಾಸಣೆ ಮಾಡುತ್ತಿದ್ದಾರೆ. ನಮ್ಮ ಎದುರಿನ ಬೈಕ್‌ನಲ್ಲಿ ಮೂವರು, ಒಬ್ಬನ ತಲೆಯಲ್ಲೂ ಹೆಲ್ಮೆಟ್ ಇಲ್ಲ. ಸವಾರ ಒಂದು ಗಳಿಗೆ ನಿಧಾನ ಮಾಡಿ, ಗಕ್ಕನೆ ತಿರುಗಿಸಿ, ಬಂದ ದಾರಿಯಲ್ಲೇ ರಾಂಗ್ ಸೈಡ್‌ನಲ್ಲಿ ನುಗ್ಗುತ್ತಾನೆ. ಎದುರಿನ ಎಕ್ಸ್‌ಪ್ರೆಸ್ ಬಸ್ಸಿನವ ಬ್ರೇಕ್ ಒತ್ತಿದ್ದಕ್ಕೆ ಆ ದಿನ ಮೂರು ಮನೆಯವರು ಬಚಾವ್. ರಾತ್ರಿ ಚಹಾದಂಗಡಿ ಎದುರು ಅದೇ ಹುಡುಗರು, “ಹೇಗೆ ಕೈಕೊಟ್ಟೆವು ನೋಡಿದಿಯಾ?” ಅಂತ ನಗುತ್ತಿರುತ್ತಾರೆ.

ಉಳಿಸಿದ್ದು ಎಷ್ಟು ಮಾರಾಯ್ರೆ? ನಮ್ಮ ರಾಜ್ಯದಲ್ಲಿ ಹೆಲ್ಮೆಟ್ ಇಲ್ಲದ್ದಕ್ಕೆ ದಂಡ 500 ರೂಪಾಯಿ. ಮೂವರು ಕೂತದ್ದಕ್ಕೆ ಇನ್ನೊಂದಿಷ್ಟು. ಅಲ್ಲೇ ನಿಂತಿದ್ದರೆ ರಶೀದಿ ಹರಿಸಿಕೊಂಡು ಮನೆಗೆ ಬರಬಹುದಿತ್ತು. ದಾಖಲೆ ಕೈಯಲ್ಲಿಲ್ಲ ಎಂದು ಓಡುವವರೂ ಇದ್ದಾರೆ. ಮೊಬೈಲ್‌ನಲ್ಲಿ ಡಿಜಿಲಾಕರ್‌ನಿಂದ ಆರ್‌ಸಿ, ಲೈಸೆನ್ಸ್ ತೋರಿಸಿದರೂ ಸಾಕು.

ಬೈಕ್ ತಿರುಗಿಸಿದ ಮೇಲೆ ಲೆಕ್ಕವೇ ಬೇರೆ. ಪೊಲೀಸರ ಕಾನೂನುಬದ್ಧ ಸೂಚನೆಯನ್ನು ಬೇಕೆಂದೇ ಮೀರಿದ್ದಕ್ಕೆ ಮೋಟಾರು ವಾಹನ ಕಾಯ್ದೆಯ 179ನೇ ಕಲಂನಲ್ಲಿ 2,000 ರೂಪಾಯಿವರೆಗೆ ದಂಡ. ಎದುರು ದಿಕ್ಕಿನಲ್ಲಿ ಓಡಿಸಿದ್ದು, ಸಿಗ್ನಲ್ ಹಾರಿದ್ದು 184ನೇ ಕಲಂನ ಅಪಾಯಕಾರಿ ಚಾಲನೆಗೆ ಸೇರುತ್ತದೆ. 2019ರ ತಿದ್ದುಪಡಿಯ ನಂತರ ಇದಕ್ಕೆ ಮೊದಲ ಸಲ 6 ತಿಂಗಳಿಂದ 1 ವರ್ಷದವರೆಗೆ ಜೈಲು, ಅಥವಾ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡೂ. 3 ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಜೈಲು, 10,000 ದಂಡ. ರೇಸ್ ಮಾಡಿದರೆ 189ನೇ ಕಲಂ. 2024ರ ಜುಲೈ 1ರಿಂದ ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಕೂಡ ಸೇರಿಸಬಹುದು, ಅದರಲ್ಲಿ 6 ತಿಂಗಳವರೆಗೆ ಜೈಲು. ತಡೆಯಲು ಬಂದ ಪೊಲೀಸನ ಮೈಮೇಲೇ ಬೈಕ್ ಹಾಯಿಸಿ ಗಾಯ ಮಾಡಿದರೆ 5 ವರ್ಷದವರೆಗೆ ಹೋಗುತ್ತದೆ.

ಪೊಲೀಸರದ್ದೂ ತಪ್ಪಿಲ್ಲವೆಂದು ನಾವು ಹೇಳುತ್ತಿಲ್ಲ. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ತಪಾಸಣೆಗೆ ಬೈಕ್ ತಡೆದಾಗ ಕೆಳಗೆ ಬಿದ್ದು ಪುಟ್ಟ ಮಗು ಸತ್ತಿತು, ಸಂಬಂಧಪಟ್ಟ ಪೊಲೀಸರು ಅಮಾನತಾದರು. ತಿರುವಿನಲ್ಲಿ ನಿಂತು ಥಟ್ಟನೆ ಅಡ್ಡ ಬರುವುದು ಯಾರಿಗೂ ಒಳ್ಳೆಯದಲ್ಲ. ಆದರೆ ಅದಕ್ಕೆ ದೂರು ಕೊಡುವ ದಾರಿ ಇದೆ.

ಇನ್ನು ಮಕ್ಕಳ ವಿಷಯ. ಪಿಯುಸಿ ಹುಡುಗನಿಗೆ “ಅಂಗಡಿಗೆ ಹೋಗಿ ಬಾ ಮೋನೆ” ಎಂದು ಕೀ ಕೊಡುವವರು ನಾವೇ. 18 ತುಂಬದವನು ಓಡಿಸಿ ಅಪರಾಧವೆಸಗಿದರೆ 199ಎ ಕಲಂ ಪ್ರಕಾರ ಪೋಷಕರು ಅಥವಾ ವಾಹನದ ಮಾಲಕರೇ ಅಪರಾಧಿ. ಶಿಕ್ಷೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಬೈಕ್‌ನ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. ತನಗೆ ಗೊತ್ತೇ ಇರಲಿಲ್ಲ ಎಂದು ಸಾಬೀತು ಮಾಡುವ ಹೊಣೆಯೂ ಪೋಷಕರದ್ದೇ. ಲೈಸೆನ್ಸ್ ಇಲ್ಲದವನು ಅಪಘಾತ ಮಾಡಿದರೆ ಇನ್ಶೂರೆನ್ಸ್ ಕಂಪೆನಿ ಪರಿಹಾರ ಕಟ್ಟಿದರೂ ಆ ಹಣವನ್ನು ಮಾಲಕನಿಂದ ವಸೂಲಿ ಮಾಡಬಹುದು. ಮನೆ ಮಾರುವಂಥ ಮೊತ್ತ ಅದು.

ನಮ್ಮ ಪರಿಚಯದ ಒಂದು ಮನೆಯ ಸಂಗತಿ ಹೇಳಬೇಕು. ಹುಡುಗನಿಗೆ 22, ಲೈಸೆನ್ಸ್ ಇತ್ತು, ಹೆಲ್ಮೆಟ್ ಇರಲಿಲ್ಲ. ತಪಾಸಣೆ ಕಂಡು ತಿರುಗಿಸಿದ. ರಸ್ತೆ ದಾಟುತ್ತಿದ್ದ ವಯಸ್ಸಾದ ಹೆಂಗಸಿಗೆ ತಾಗಿತು, ನಿಲ್ಲಿಸದೆ ಹೋದ. ಹೆಂಗಸಿನ ಕಾಲು ಮುರಿಯಿತು. ಮೂಳೆ ಮುರಿದರೆ ಕಾನೂನಿನಲ್ಲಿ ಅದು ಗಂಭೀರ ಗಾಯ, 3 ವರ್ಷದವರೆಗೆ ಜೈಲು ಇರುವ ಕೇಸು. ಗಾಯಾಳುವನ್ನು ಬಿಟ್ಟು ಹೋದದ್ದಕ್ಕೆ 6 ತಿಂಗಳವರೆಗಿನ ಇನ್ನೊಂದು.

ಯಾರೋ ನಂಬರ್ ಬರೆದುಕೊಂಡಿದ್ದರು. ಆರ್‌ಸಿ ಬಾಪನ ಹೆಸರಲ್ಲಿ, ಬಾಪ ದಮ್ಮಾಮ್‌ನಲ್ಲಿ. ಆ ದಿನ ಬೈಕ್ ಯಾರ ಕೈಯಲ್ಲಿತ್ತು ಎಂದು ತಿಳಿಸುವುದು ಮಾಲಕನ ಕರ್ತವ್ಯ, ಅದು 133ನೇ ಕಲಂ. ಹಾಗಾಗಿ ನೋಟಿಸ್ ಬಂದದ್ದು ಮನೆಗೆ, ಕೈಯೊಡ್ಡಿ ತೆಗೆದುಕೊಂಡದ್ದು ಉಮ್ಮ. ಮಗನ ಹೆಸರನ್ನು ಬಾಪ ಫೋನಿನಲ್ಲೇ ಹೇಳಬೇಕಾಯಿತು.

ಹುಡುಗನಿಗೆ ಅದೇ ಸಮಯದಲ್ಲಿ ಗಲ್ಫ್‌ನಿಂದ ವೀಸಾ ಬಂದಿತ್ತು. ಪಾಸ್‌ಪೋರ್ಟ್ ನವೀಕರಣಕ್ಕೆ ಕೊಟ್ಟಾಗ ಪೊಲೀಸ್ ಪರಿಶೀಲನೆಯಲ್ಲಿ ಕೇಸು ಕಾಣಿಸಿತು. ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಬೇಕಾದರೆ ಅದೇ ಕೋರ್ಟಿನಿಂದ ಅನುಮತಿ ತರಬೇಕು, ಕೋರ್ಟ್ ಅವಧಿ ಹೇಳದಿದ್ದರೆ ಸಿಗುವುದೂ 1 ವರ್ಷದ ಪಾಸ್‌ಪೋರ್ಟ್. ಕಂಪೆನಿ ಪಿಸಿಸಿ ಬೇರೆ ಕೇಳಿತ್ತು. ವಕೀಲರ ಕಚೇರಿಯಲ್ಲಿ ಉಮ್ಮ ಕೇಳಿದ್ದು ಒಂದೇ ಮಾತು: “ಫೈನ್ ಕಟ್ಟಿ ಮುಗಿಸ್ಲಿಕ್ಕೆ ಆಗುದಿಲ್ವಾ?”

ವೀಸಾದ ಅವಧಿಗೆ ಆಗ 19 ದಿನ ಉಳಿದಿತ್ತು. ಕೋರ್ಟಿನ ಮುಂದಿನ ತಾರೀಕು ಒಂದೂವರೆ ತಿಂಗಳ ಆಚೆಗೆ.