ನಿಮಗಿದು ಗೊತ್ತೆ? ಬಲ್ಮಠದ ಸಭೆ, ನಾಡಿಗೆಲ್ಲ ಹೆಂಚು

ಮಂಗಳೂರಿನ ಬಲ್ಮಠ ಗುಡ್ಡದ ಶಾಂತಿ ಕೆಥೆಡ್ರಲ್‌ನ ಬೇರು 1834ರಷ್ಟು ಹಿಂದಕ್ಕೆ ಹೋಗುತ್ತದೆ. ಆ ವರ್ಷ ಸ್ವಿಟ್ಜರ್ಲೆಂಡಿನ ಕ್ರೈಸ್ತ ಪ್ರಚಾರಕ ಸಂಸ್ಥೆ ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಹಡಗಿನಲ್ಲಿ ಬಂದಿಳಿದರು. ಅವರು ಊರಿನವರ ಮಾತನ್ನೇ ಕಲಿತು ಬೋಧಿಸಿದರು. ತುಳು ಭಾಷೆಗೆ ಅಚ್ಚಿನ ಭಾಗ್ಯ ಬಂದದ್ದು ಈ ಮಿಷನ್ನಿನಿಂದಲೇ.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟಿದ್ದೂ ಇದೇ ಮಿಷನ್ನಿನ ಕಲ್ಲಚ್ಚಿನಿಂದ, 1843ರಲ್ಲಿ. ಸಂಪಾದಕರು ಹರ್ಮನ್ ಮೋಗ್ಲಿಂಗ್. ಮರುವರ್ಷ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾಯ ಕೌಂಡಿನ್ಯ ಕ್ರೈಸ್ತರಾದರು. ಮುಂದೆ ಬಾಸೆಲ್‌ನಲ್ಲಿ ಓದಿ ಪಾದ್ರಿಯಾಗಿ ಮರಳಿದರು.

ಆದರೆ ಕ್ರೈಸ್ತ ಸಭೆ ಸೇರಿದ ಬಡವರ ಕಥೆಯೇ ಬೇರೆ. ಮನೆ, ಜಾತಿ, ಕಸುಬು ಮೂರೂ ಒಟ್ಟಿಗೆ ಕೈತಪ್ಪುತ್ತಿದ್ದವು. ಅನ್ನದ ದಾರಿಗೆಂದು ಮಿಷನ್ ನೇಯ್ಗೆ ಶಾಲೆ, ಅಚ್ಚುಕೂಟ ತೆರೆಯಿತು. 1865ರಲ್ಲಿ ಗಿಯಾರ್ಗ್ ಪ್ಲೆಬ್ಸ್ಟ್ ನೇತ್ರಾವತಿ ದಂಡೆಯ ಜೇಡಿಮಣ್ಣು ನಂಬಿ ಹೆಂಚಿನ ಕಾರ್ಖಾನೆ ಹಾಕಿದರು. ಮಳೆನಾಡಿನ ಮುಳಿಹುಲ್ಲಿನ ಮಾಡುಗಳ ಜಾಗಕ್ಕೆ ಕೆಂಪು ಹೆಂಚು ಬಂತು. ಹಳೆಯ ಮನೆಯ ಹೆಂಚೊಂದನ್ನು ಇಳಿಸಿದಾಗ ಹಿಂಬದಿ ತಿರುಗಿಸಿ ನೋಡಿ, ಬಾಸೆಲ್ ಮಿಷನ್ನಿನ ಮುದ್ರೆ ಸಿಕ್ಕರೆ ಜೋಪಾನವಾಗಿ ಇಟ್ಟುಕೊಳ್ಳಿ.